ಎಪ್ಪತ್ತೊಂಬತ್ತು ಪದರದ ಸಂಸಾರ

ಧರ್ಮೇಶನಿಗೆ ಮದುವೆಯಾಗಿ ಆರು ವರ್ಷ. ಈ ಆರು ವರ್ಷಗಳಲ್ಲಿ ಮೇಗುಂದದ ಅವನ ಮಾವನ ಮನೆಯಲ್ಲಿ ಎರಡು ಮದುವೆ, ಮೂರು ನಾಮಕರಣ, ಒಂದು ಗೃಹಪ್ರವೇಶ ಮತ್ತು ನೆನಪಿಡಲಾಗದಷ್ಟು ಸತ್ಯನಾರಾಯಣ ಪೂಜೆಗಳು ನಡೆದಿದ್ದವು. ಒಂದರ ಫೋಟೋದಲ್ಲಾದರೂ ಧರ್ಮೇಶ ಇದ್ದಾನೆಯೇ? ಇಲ್ಲ. ಹೋಗಿರಲಿಲ್ಲವೆಂದಲ್ಲ. ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಸಾರು ಉಂಡು ಬಂದವನು ಅವನೇ. ಆದರೆ ಪುಣ್ಯಾತ್ಮ ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ, ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಫೋಟೋ ತೆಗೆಯುವವನನ್ನೇ ಅಳಿಯ ಮಾಡಿಕೊಂಡ ಮೇಲೆ ಹೊರಗಿನವರನ್ನು ಕರೆಸುವುದಕ್ಕೆ ಅತ್ತೆ ವನಜಮ್ಮನವರಿಗೇನು ತಲೆ ಕೆಟ್ಟಿದೆಯೇ?

ಹೋದ ವರ್ಷ ಆ ಆಲ್ಬಮ್ಮುಗಳನ್ನು ತಿರುವಿ ಹಾಕಿದ ದೂರದ ನೆಂಟರೊಬ್ಬರು, “ಪಾಪ, ನಿಮ್ಮ ಸಣ್ಣ ಮಗಳು ಎಲ್ಲಾ ಕಡೆ ಒಬ್ಳೇ ನಿಂತಿದಾಳಲ್ಲ, ಗಂಡ ದುಬಾಯಲ್ಲಾ?” ಎಂದು ಕೇಳಿದ್ದರು. ಆ ಹೊತ್ತಿಗೆ ಅವರಿಗೆ ಕಾಫಿ ಲೋಟ ಕೊಡುತ್ತಿದ್ದವನು ಧರ್ಮೇಶನೇ.

“ನಿಮ್ಮನೆ ಆಲ್ಬಮ್ಮಲ್ಲಿ ಆ ಕರಿ ನಾಯಿನೂ ನಾಕು ಕಡೆ ಇದೆ. ನಾನೊಬ್ಬ ಇಲ್ಲ,” ಎಂದು ಅವನು ಹೆಂಡತಿ ನಿಶ್ಚಿತಾಳ ಬಳಿ ಗೋಳು ತೋಡಿಕೊಂಡ.

“ನಾಯಿ ಕರೆದ ಕೂಡ್ಲೆ ಬಂದು ನಿಂತ್ಕೊಳತ್ತೆ. ನೀವು ‘ತಡೀರಿ, ಲೈಟು ಸರಿ ಇಲ್ಲ’ ಅಂತ ಅಲ್ಲೇ ಕೂತಿರ್ತೀರಿ,” ಎಂದಳು ನಿಶ್ಚಿತಾ. (ಹೆಂಡತಿಯ ಸಾಂತ್ವನ ಎಂದರೆ ಇದು.)

ಇಂಥ ಧರ್ಮೇಶನಿಗೂ ಒಂದು ಕಾಲ ಬಂತು. ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಮಾವ ಸುಬ್ಬಯ್ಯನವರಿಗೆ ಅರವತ್ತು ತುಂಬುವುದಿತ್ತು. ಜಯಪುರದಲ್ಲಿ ಹಾಲ್ ಗೊತ್ತಾಯಿತು, ಅಡುಗೆಯವರು ಗೊತ್ತಾದರು. ವನಜಮ್ಮನವರ ಮನಸ್ಸಿಗೆ ಮಾತ್ರ ಇನ್ನೂ ಒಂದು ಬಯಕೆ. ಇಡೀ ಕುಟುಂಬ ಒಂದೇ ಫೋಟೋದಲ್ಲಿ ಇರಬೇಕು, ಅದು ನಾಲ್ಕಡಿ ಅಗಲ ಇರಬೇಕು, ಅದನ್ನು ಸಮಾರಂಭದ ದಿನವೇ ಹಾಲ್‌ನಲ್ಲಿ ಎಲ್ಲರೆದುರು ಅನಾವರಣ ಮಾಡಬೇಕು.

ಇದರಲ್ಲಿ ಒಂದು ತೊಡಕಿತ್ತು. ಸುಬ್ಬಯ್ಯನವರಿಗೆ ಇಬ್ಬರು ಸಹೋದರಿಯರು. ಅಕ್ಕ ಅನ್ನಪೂರ್ಣಮ್ಮ ಶೃಂಗೇರಿ ಕಡೆ, ತಂಗಿ ಯಮುನಮ್ಮ ನರಸಿಂಹರಾಜಪುರದ ಕಡೆ. ಹನ್ನೊಂದು ವರ್ಷದ ಹಿಂದೆ ಅಕ್ಕ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂಗಿಯ ಮನೆಯಿಂದ ಮುಚ್ಚಳ ಒಡೆದು ವಾಪಸು ಬಂದಿತ್ತು. ಒಡೆದದ್ದು ಹೋಗುವಾಗಲೋ ಬರುವಾಗಲೋ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಅಂದಿನಿಂದ ಒಬ್ಬರು ಬಂದ ಮನೆಗೆ ಇನ್ನೊಬ್ಬರು ಅವರು ಹೋದ ಮೇಲೇ ಬರುವುದು. ಇಬ್ಬರನ್ನೂ ಒಂದು ಕ್ಯಾಮೆರಾದ ಮುಂದೆ ನಿಲ್ಲಿಸುವುದೆಂದರೆ ಹಾವು ಮುಂಗುಸಿಗೆ ಒಂದೇ ಎಲೆಯಲ್ಲಿ ಬಡಿಸಿದ ಹಾಗೆ.

“ಅತ್ತೆ, ನೀವು ಚಿಂತೆ ಬಿಡಿ,” ಎಂದ ಧರ್ಮೇಶ, ಎದೆಯುಬ್ಬಿಸಿ. “ಒಬ್ಬೊಬ್ಬರದ್ದೇ ಬೇರೆ ಬೇರೆ ತೆಗೀತೀನಿ. ಕಂಪ್ಯೂಟರಲ್ಲಿ ಕೂಡ್ಸಿ ನಿಲ್ಲಿಸ್ತೀನಿ. ನೋಡ್ದೋರು ಒಟ್ಟಿಗೇ ತೆಗ್ಸಿದ್ದು ಅನ್ಬೇಕು.”

ವನಜಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಪಟ್ಟಿ ಬರೆದುಕೊಟ್ಟರು. ಮೂವತ್ತೆಂಟು ಹೆಸರು. ಅದರಲ್ಲಿ ಧರ್ಮೇಶನ ಹೆಸರಿರಲಿಲ್ಲ. ಊಟಕ್ಕೆ ಕರೆಯುವವರ ಪಟ್ಟಿಯಲ್ಲಿ ಅಡುಗೆಯವನ ಹೆಸರನ್ನು ಯಾರು ಬರೆಯುತ್ತಾರೆ? ಧರ್ಮೇಶ ಬೇಸರ ಮಾಡಿಕೊಳ್ಳಲಿಲ್ಲ. ಈ ಸಲ ಬ್ರಹ್ಮನ ಕೆಲಸವೇ ಅವನ ಕೈಯಲ್ಲಿತ್ತಲ್ಲ! ಮೂವತ್ತೊಂಬತ್ತನೆಯವನಾಗಿ ತನ್ನನ್ನು ತಾನೇ ಸೃಷ್ಟಿಸಿಕೊಂಡ. ಮದುವೆಯ ಕೋಟು ಹಾಕಿ, ಮದುಮಕ್ಕಳಿಗೆಂದು ಸ್ಟುಡಿಯೋದಲ್ಲಿ ಇಟ್ಟಿದ್ದ ಪೇಟ ಸುತ್ತಿ (ನೆತ್ತಿಯ ಕೂದಲು ಎರಡು ವರ್ಷದಿಂದ ರಜೆಯ ಮೇಲಿತ್ತು), ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗುಂಡಿ ಒತ್ತಿ ಓಡಿ ಬಂದು ನಿಂತು ಫೋಟೋ ತೆಗೆದುಕೊಂಡ. ತನಗೆ ಜಾಗ ಎಲ್ಲಿ? ಮಾವನ ಕುರ್ಚಿಯ ಹಿಂದೆ, ಬಲ ಭುಜಕ್ಕೆ ಸರಿಯಾಗಿ. ಕಾಫಿ ತೋಟದ ಹಿರಿಯ ಅಳಿಯ ಎಡಗಡೆ ಮೂಲೆಗೆ, ಬ್ಯಾಂಕಿನ ಎರಡನೇ ಅಳಿಯ ಮಕ್ಕಳ ಹಿಂದೆ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಕಂಪ್ಯೂಟರು.

ಫೋಟೋಶಾಪಿನಲ್ಲಿ ಚಿತ್ರಗಳನ್ನು ಪದರ ಪದರವಾಗಿ ಜೋಡಿಸುತ್ತಾರೆ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ. ಒಂದೊಂದು ಹಾಳೆಯ ಮೇಲೆ ಒಬ್ಬೊಬ್ಬರು. ಯಾರನ್ನು ಬೇಕಾದರೂ ಹಿಡಿದು ಎಲ್ಲಿಗೆ ಬೇಕಾದರೂ ಸರಿಸಬಹುದು. ಧರ್ಮೇಶ ಕಲೆಗಾರ ಮನುಷ್ಯ, ಜನರನ್ನು ಅಂಟಿಸಿ ಸುಮ್ಮನಾಗಲಿಲ್ಲ. ಹಿನ್ನೆಲೆಗೆ ಮಾವನ ಮನೆಯ ಬಿಳಿ ಗೋಡೆಯ ಫೋಟೋ ಇಟ್ಟ, ಅದರ ಒಂದು ತುದಿಗೆ ಅಂಗಳದ ಬಾವಿಯೂ ಬಂದಿತ್ತು. ಆ ಗೋಡೆಯ ಮೇಲೆ ಪ್ರತಿಯೊಬ್ಬರ ನೆರಳು ಬಿದ್ದರೆ ತಾನೇ ನಿಜವಾಗಿ ನಿಂತ ಹಾಗೆ ಕಾಣುವುದು? ಹಾಗಾಗಿ ತಲೆಗೊಂದು ಪದರ, ನೆರಳಿಗೊಂದು ಪದರ. ಮೂವತ್ತೊಂಬತ್ತು ಜನ, ಮೂವತ್ತೊಂಬತ್ತು ನೆರಳು, ಒಂದು ಗೋಡೆ. ಒಟ್ಟು ಎಪ್ಪತ್ತೊಂಬತ್ತು.

ಸ್ಟುಡಿಯೋದ ಕಂಪ್ಯೂಟರಿಗೆ ಇಷ್ಟು ದೊಡ್ಡ ಸಂಸಾರವನ್ನು ಸಾಕಿ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಫೋಟೋ, ಹೆಚ್ಚೆಂದರೆ ಮದುಮಕ್ಕಳನ್ನು ಹೃದಯದ ಆಕಾರದೊಳಗೆ ಕೂರಿಸುವುದು, ಇಷ್ಟೇ ಅದರ ಅನುಭವ. ಒಬ್ಬರನ್ನು ಒಂದಿಂಚು ಸರಿಸಿದರೆ ತೆರೆಯ ಮೇಲೆ ಮರಳು ಗಡಿಯಾರ ಮೂಡುತ್ತಿತ್ತು. ಧರ್ಮೇಶ ಕೆಳಗಿಳಿದು, ಹೋಟೆಲಿನಲ್ಲಿ ಚಾ ಕುಡಿದು, ಎರಡು ಬಸ್ಸಿನ ಜನ ಇಳಿಯುವುದನ್ನು ನೋಡಿ, ಮೇಲೆ ಬಂದರೆ ಮರಳು ಇನ್ನೂ ಸುರಿಯುತ್ತಲೇ ಇರುತ್ತಿತ್ತು. ದಿನಕ್ಕೆ ಒಂಬತ್ತು ಚಾ ಆಗಿ ಅವನಿಗೆ ಎದೆಯುರಿ ಶುರುವಾಯಿತು.

ಸಾಲದ್ದಕ್ಕೆ ಫೋನು. ಫೋಟೋ ತಯಾರಾಗುತ್ತಿರುವ ಸುದ್ದಿ ಮೂರು ತಾಲೂಕಿಗೂ ಹಬ್ಬಿತ್ತು.

“ದೊಡ್ಡತ್ತೆ ಫೋನು,” ಎನ್ನುತ್ತ ನಿಶ್ಚಿತಾ ಒಳಗೆ ಬಂದಳು. ದೊಡ್ಡತ್ತೆ ಎಂದರೆ ಅನ್ನಪೂರ್ಣಮ್ಮ. “ಅವರನ್ನ ಸಣ್ಣತ್ತೆಯಿಂದ ಮೂರು ಜನ ದೂರ ಕೂರ್ಸ್ಬೇಕಂತೆ.”

“ಸರಿ, ಕೂರ್ಸಿದೆ.”

ಮರಳು ಸುರಿಯಿತು. ಚಾ ಆಯಿತು. ಅಷ್ಟರಲ್ಲಿ ಸಣ್ಣತ್ತೆ ಯಮುನಮ್ಮನವರ ಫೋನು.

“ದೊಡ್ಡತ್ತೆ ಮೂರು ಜನ ದೂರ ಅಂದ್ರಂತೆ, ಅದಕ್ಕೆ ಇವರಿಗೆ ಐದು ಜನ ದೂರ ಬೇಕಂತೆ.”

“ಐದು ಜನ ದೂರ ಹೋದ್ರೆ ಸಣ್ಣತ್ತೆ ಬಾವಿ ಹತ್ರ ಬರ್ತಾರೆ ಮಾರಾಯ್ತಿ!”

“ಬಾವಿ ಅಳಿಸಿ ಹಾಕಿ. ಅದಕ್ಕೇನು ಫೋನ್ ಮಾಡಕ್ಕೆ ಬರತ್ತಾ?”

ಹೀಗೆ ಹನ್ನೆರಡು ದಿನ ನಡೆಯಿತು. ಯಾರ ಸೊಸೆ ಯಾರ ಮುಂದೆ ನಿಂತಳು, ಯಾರ ಮಗುವಿನ ತಲೆ ಯಾರ ಸರವನ್ನು ಮರೆ ಮಾಡಿತು ಎಂದು ದಿನಕ್ಕೆ ಐದಾರು ದೂರು. ಇಡೀ ಮೂವತ್ತೊಂಬತ್ತು ಜನರಲ್ಲಿ ಒಬ್ಬನ ಜಾಗದ ಬಗ್ಗೆ ಮಾತ್ರ ಯಾರೂ ಚಕಾರವೆತ್ತಲಿಲ್ಲ. ಅವನೇ ಧರ್ಮೇಶ. ಅವನಿಗೆ ಇದರಿಂದ ತುಂಬ ಸಂತೋಷವಾಗಿತ್ತು.

ಸಮಾರಂಭಕ್ಕೆ ಮೂರು ದಿನ ಉಳಿಯಿತು. ಅಂದು ಮಧ್ಯಾಹ್ನ ಎರಡೂವರೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಿ.ಡಿ. ಕಳಿಸಿದರೆ ಮಾತ್ರ ಶಿವಮೊಗ್ಗದ ಲ್ಯಾಬಿನಲ್ಲಿ ಪ್ರಿಂಟಾಗಿ, ಕಟ್ಟು ಹಾಕಿಸಿ, ನೇರ ಜಯಪುರಕ್ಕೆ ಬರುವುದು. ಬೆಳಿಗ್ಗೆ ಒಂಬತ್ತಕ್ಕೇ ಕಂಪ್ಯೂಟರ್ ಮರಳು ಹಿಡಿದು ಕೂತಿತ್ತು. ಹನ್ನೆರಡಾದರೂ ಇನ್ನೂ ಏಳು ಜನರನ್ನು ಸರಿಸುವುದಿತ್ತು. ಧರ್ಮೇಶ ಲ್ಯಾಬಿನ ಗೆಳೆಯ ವಿಜಯನಿಗೆ ಫೋನು ಹಚ್ಚಿ ಅಳುವುದೊಂದು ಬಾಕಿ.

“ಅಲ್ಲಾ ಮಾರಾಯ, ಎಪ್ಪತ್ತೊಂಬತ್ತು ಪದರ ಹೊತ್ಕಂಡು ಓಡು ಅಂದ್ರೆ ಯಾವ ಕಂಪ್ಯೂಟರ್ ಓಡತ್ತೆ?” ಎಂದ ವಿಜಯ. “ಪ್ರತಿ ಪದರದ ಪಕ್ಕ ಒಂದು ಕಣ್ಣಿನ ಗುರ್ತು ಇದೆ ನೋಡು. ಸದ್ಯಕ್ಕೆ ಯಾರನ್ನ ಮುಟ್ಟಲ್ವೋ ಅವರ ಕಣ್ಣು ಮುಚ್ಚು. ಅವರು ಕಾಣಲ್ಲ, ಕಂಪ್ಯೂಟರಿಗೆ ಭಾರ ಇಳಿಯತ್ತೆ. ಆಮೇಲೆ ಹಿಸ್ಟರಿ. ನೀ ಮಾಡಿದ್ದನ್ನೆಲ್ಲ ಇಪ್ಪತ್ತು ಹೆಜ್ಜೆ ಹಿಂದಿನವರೆಗೆ ನೆನಪಿಟ್ಕಂಡಿರತ್ತೆ ಅದು. ಒಂದು ಸಾಕು ಅಂತ ಹಾಕು. ಎಲ್ಲ ಮುಗಿದ ಮೇಲೆ ಕಣ್ಣು ತೆರೆದು, ಫ್ಲಾಟನ್ ಒತ್ತು, ಎಲ್ಲ ಪದರ ಸೇರಿ ಒಂದೇ ಆಗತ್ತೆ. ಆದ್ರೆ ಅದಕ್ಕೆ ಮುಂಚೆ ಒಂದು ಕಾಪಿ...”

ಧರ್ಮೇಶ ಅಷ್ಟರಲ್ಲಿ ಫೋನಿಟ್ಟಾಗಿತ್ತು. (ಜ್ಞಾನೋದಯವಾದವರು ಕೊನೆಯ ಶ್ಲೋಕಕ್ಕೆ ಕಾಯುವುದಿಲ್ಲ.)

ಅವನು ಟಪಟಪನೆ ಕಣ್ಣು ಮುಚ್ಚಿಸುತ್ತ ಹೋದ. ತಕರಾರಿಲ್ಲದವರದ್ದು ಮೊದಲು. ತಕರಾರೇ ಇಲ್ಲದವರಲ್ಲಿ ಮೊದಲಿಗ ಯಾರು? ತಾನೇ. ತನ್ನ ಕಣ್ಣು ಮುಚ್ಚಿದ. ಆಮೇಲೆ ಮಾವ, ಅತ್ತೆ, ಅಳಿಯಂದಿರು, ಮಕ್ಕಳು. ನೆರಳುಗಳನ್ನು ಹಾಗೇ ಬಿಟ್ಟ, ನೆರಳಿಗೆಂಥ ಭಾರ? ಹಿಸ್ಟರಿ ಇಪ್ಪತ್ತರಿಂದ ಒಂದಕ್ಕೆ ಇಳಿಯಿತು. ಆಮೇಲೆ ಹೆದರುತ್ತ ಹೆದರುತ್ತ ಯಮುನಮ್ಮನವರನ್ನು ಹಿಡಿದು ಎಳೆದ.

ಯಮುನಮ್ಮ ಚಿಗರೆಯಂತೆ ಜಿಗಿದು ಬಂದರು!

“ನಿಶ್ಚಿತಾ, ಬಾರೇ ಇಲ್ಲಿ! ಸಣ್ಣತ್ತೆ ಓಡ್ತಿದಾರೆ ನೋಡು!”

ಸ್ಟುಡಿಯೋದ ಹಿಂದೆಯೇ ಇದ್ದ ಅಡುಗೆಮನೆಯಿಂದ ನಿಶ್ಚಿತಾ ಸೌಟು ಹಿಡಿದೇ ಓಡಿಬಂದಳು. ಧರ್ಮೇಶ ಯಮುನಮ್ಮನವರನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಿಸಿ ತೋರಿಸಿದ. ಮಂಡಿನೋವಿನ ಸಣ್ಣತ್ತೆ ಅಷ್ಟು ಚುರುಕಾಗಿ ಓಡಾಡಿದ್ದನ್ನು ಕಂಡು ಗಂಡ ಹೆಂಡತಿ ಇಬ್ಬರೂ ಮಕ್ಕಳ ಹಾಗೆ ನಕ್ಕರು. ಹನ್ನೆರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯಿತು.

ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಇನ್ನು ಕಣ್ಣು ತೆರೆಸುವುದು. ನಿಶ್ಚಿತಾ ಅಮ್ಮನ ಪಟ್ಟಿ ಹಿಡಿದು ಓದಿದಳು, ಧರ್ಮೇಶ ಒಬ್ಬೊಬ್ಬರದ್ದೇ ತೆರೆಸಿದ.

“ಅಪ್ಪ.”

“ಬಂದ್ರು.”

“ಅಮ್ಮ.”

“ಬಂದ್ರು.”

“ನಾನು... ಅಲ್ರೀ, ನನ್ನ ಸೀರೆ ಯಾಕೆ ಬಾಡಿದ ಕೆಸುವಿನ ಎಲೆ ಥರ ಕಾಣ್ತಿದೆ? ಅದು ಗಿಳಿಹಸಿರು!”

“ಲ್ಯಾಬಲ್ಲಿ ಸರಿ ಬರತ್ತೆ ಮಾರಾಯ್ತಿ, ಮುಂದೆ ಓದು. ಬಸ್ಸು ಹಾರನ್ ಹೊಡೀತಿದೆ.”

ಮೂವತ್ತೆಂಟು ಹೆಸರು, ಮೂವತ್ತೆಂಟು ಕಣ್ಣು. ಪಟ್ಟಿ ಮುಗಿಯಿತು. ಧರ್ಮೇಶ ಫ್ಲಾಟನ್ ಒತ್ತಿದ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಒಂದು ಕೇಳಿತು. ‘ಕಣ್ಣು ಮುಚ್ಚಿರುವ ಪದರಗಳನ್ನು ಎಸೆದುಬಿಡಲೇ?’ ಎಂಬುದು ಅದರ ತಾತ್ಪರ್ಯ. ಹೆಂಡತಿ ಏನು ಕೇಳಿದರೂ ‘ಹೂಂ’ ಅನ್ನುವುದು, ಕಂಪ್ಯೂಟರ್ ಏನು ಕೇಳಿದರೂ ‘ಓಕೆ’ ಒತ್ತುವುದು, ಇವೆರಡೂ ಧರ್ಮೇಶ ಆರು ವರ್ಷದಿಂದ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ ವ್ರತ. ಓಕೆ ಒತ್ತಿದ. ಸೇವ್ ಮಾಡಿದ. ಸಿ.ಡಿ.ಗೆ ಹಾಕಿ ಮೆಟ್ಟಿಲು ಇಳಿದು ಓಡಿದ. ಹೊರಟಿದ್ದ ಬಸ್ಸಿನ ಕಿಟಕಿಯಲ್ಲಿ ಕಂಡಕ್ಟರ್ ಕೈಗೆ ಸಿ.ಡಿ. ತುರುಕಿ, ಏದುಸಿರು ಬಿಡುತ್ತ ನಿಂತವನ ಮುಖದಲ್ಲಿ ರಾಜ್ಯ ಗೆದ್ದ ಕಳೆ.

ಆ ಮೂರು ದಿನ ಧರ್ಮೇಶನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗಡ್ಡ ಹೆರೆಸಿಕೊಂಡ. ಅಂಗಡಿಗೆ ಬಂದವರಿಗೆಲ್ಲ, “ನಮ್ಮ ಮಾವನ ಮನೆ ಫೋಟೋ ಇದೆ ಭಾನುವಾರ. ನಾನೂ ಇದೀನಿ ಅದ್ರಲ್ಲಿ,” ಎಂದು ಹೇಳಿದ.

ಭಾನುವಾರ ಬಂತು. ಶಾಂತಿ ಹೋಮ ಆಯಿತು, ಅರವತ್ತರ ಮದುಮಗನಿಗೆ ಎರಡನೇ ಸಲ ಮಾಲೆ ಬಿತ್ತು, ಊಟವೂ ಆಯಿತು. ಫೋಟೋ ತಡವಾಗಿ, ಊಟದ ಹೊತ್ತಿಗೆ ಬಂದದ್ದರಿಂದ ಅದನ್ನು ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ. ಬಂದ ಹಾಗೇ ಕುರ್ಚಿಯ ಮೇಲಿಟ್ಟು ಶಾಲು ಹೊದಿಸಿದರು. ಅನ್ನಪೂರ್ಣಮ್ಮ ಹಾಲ್‌ನ ಬಲ ತುದಿಯಲ್ಲಿ, ಯಮುನಮ್ಮ ಎಡ ತುದಿಯಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ವನಜಮ್ಮ ಶಾಲು ಸರಿಸಿ, ಸುತ್ತಿದ್ದ ಕಾಗದ ಹರಿದರು.

ಜನ “ಹೋ!” ಎಂದು ಮುಂದೆ ನುಗ್ಗಿದರು. ಎಲ್ಲರ ಬೆರಳೂ ತಮ್ಮ ತಮ್ಮ ಮುಖ ಹುಡುಕಿದವು. ಧರ್ಮೇಶ ಅವಸರ ಮಾಡಲಿಲ್ಲ. ತನ್ನ ಜಾಗ ಅವನಿಗೆ ಗೊತ್ತು, ಮಾವನ ಬಲ ಭುಜದ ಹಿಂದೆ. ಹೆಂಡತಿಯ ಹೆಗಲ ಮೇಲಿಂದ ಇಣುಕಿದ.

ಮಾವನ ಬಲ ಭುಜದ ಹಿಂದೆ ಬಿಳಿ ಗೋಡೆಯಿತ್ತು. ಗೋಡೆಯ ಮೇಲೆ ಪೇಟ ಸುತ್ತಿದ ಒಂದು ನೆರಳಿತ್ತು. ನೆರಳಿನ ಯಜಮಾನ ಇರಲಿಲ್ಲ.

ಕಂಪ್ಯೂಟರ್ ಕೇಳಿದ್ದೇನು ಎಂಬುದು ಧರ್ಮೇಶನಿಗೆ ಈಗ ಅರ್ಥವಾಯಿತು. ಆರು ವರ್ಷ ಕಾದು ಸಿಕ್ಕಿದ ಜಾಗದಿಂದ ತನ್ನನ್ನು ತಾನೇ ಎತ್ತಿ ಎಸೆದಿದ್ದ, ಅದೂ ಓಕೆ ಒತ್ತಿ. ನಿಜವಾಗಿ ಅವನಿಗೆ ಅಳು ಬಂತು.

“ರೀ,” ಎಂದು ನಿಶ್ಚಿತಾ ಪಿಸುಗುಟ್ಟಿದಳು, “ನೀವೆಲ್ಲಿ?”

“ಮೂರು ದಿನದ ಹಿಂದೆ ಕೇಳ್ಬೇಕಿತ್ತು. ಆಗ ನಿಂಗೆ ಸೀರೆ ಕಂಡ್ತು, ಗಂಡ ಕಾಣ್ಲಿಲ್ಲ.”

ಅಷ್ಟರಲ್ಲಿ ಅನ್ನಪೂರ್ಣಮ್ಮ ಕನ್ನಡಕ ಏರಿಸಿ ಫೋಟೋದ ಹತ್ತಿರ ಬಾಗಿದರು. ಅವರ ಬೆರಳು ನೆರಳಿನ ಮೇಲೆ ನಿಂತಿತು, ಬಾಯಿ ತೆರೆದುಕೊಂಡಿತು.

“ಅಪ್ಪಯ್ಯ!” ಎಂದರು.

ಸುಬ್ಬಯ್ಯನವರ ತಂದೆ ತೀರಿಕೊಂಡು ಮೂವತ್ತು ವರ್ಷ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿ ಜೀವಮಾನದಲ್ಲಿ ಒಂದೂ ಫೋಟೋ ತೆಗೆಸದೆ ಹೋದ ಮನುಷ್ಯ. ತಲೆಗೆ ರುಮಾಲು ಸುತ್ತದೆ ಅಂಗಳಕ್ಕೂ ಇಳಿದವರಲ್ಲ. ಈಗ ನೋಡಿದರೆ ಮಗನಿಗೆ ಅರವತ್ತು ತುಂಬಿದ ದಿನ, ಮಗನ ಬೆನ್ನ ಹಿಂದೆ ರುಮಾಲು ಸುತ್ತಿಕೊಂಡು ನೆರಳಾಗಿ ನಿಂತಿದ್ದಾರೆ!

“ಹೌದಲ್ಲಾ! ಅಪ್ಪಯ್ಯನೇ!” ಎಂದು ಆ ತುದಿಯಿಂದ ಯಮುನಮ್ಮ ಮಂಡಿನೋವು ಮರೆತು ಓಡಿಬಂದರು. (ಕಂಪ್ಯೂಟರಿನಲ್ಲಿ ಓಡಿದ್ದಕ್ಕಿಂತ ಜೋರಾಗಿ.) “ಅಕ್ಕಾ, ನೋಡೇ, ತಲೆ ಹಿಂಗೇ ವಾಲಿಸ್ಕಂಡು ನಿಲ್ತಿದ್ರಲ್ವೇನೇ?”

“ಹೂಂ ಕಣೇ ಯಮುನಾ. ಹಿಂಗೇ ನಿಲ್ತಿದ್ರು.”

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಕೈ ಹಿಡಿದುಕೊಂಡು ಗೊಳೋ ಎಂದು ಅತ್ತರು. ಭರಣಿಯ ಮುಚ್ಚಳ ತನ್ನ ಕೈಯಿಂದಲೇ ಒಡೆದದ್ದೆಂದು ಯಮುನಮ್ಮ ಒಪ್ಪಿಕೊಂಡರು. ಅದು ಮೊದಲೇ ಬಿರುಕು ಬಿಟ್ಟಿತ್ತೆಂದು ಅನ್ನಪೂರ್ಣಮ್ಮ ಒಪ್ಪಿಕೊಂಡರು. ನೋಡುತ್ತಿದ್ದವರ ಕಣ್ಣೂ ಒದ್ದೆಯಾಯಿತು.

“ಅಪ್ಪಯ್ಯ ಇಷ್ಟು ಗಿಡ್ಡ ಇರ್ಲಿಲ್ಲ,” ಎಂದರು ಸುಬ್ಬಯ್ಯ, ಮೆಲ್ಲಗೆ.

“ವಯಸ್ಸಾದ ಮೇಲೆ ಕುಗ್ಗಿದ್ರು. ನೀ ಸುಮ್ನಿರು,” ಎಂದು ಅಕ್ಕತಂಗಿ ಒಟ್ಟಿಗೇ ಗದರಿದರು.

ಧರ್ಮೇಶ ಮುಂದೆ ಬಂದ. ಅವನು ಪ್ರಾಮಾಣಿಕ ಮನುಷ್ಯ. “ಅತ್ತೆ, ಅದು ಅಜ್ಜಯ್ಯ ಅಲ್ಲ. ಅದು...” ಎನ್ನುವಷ್ಟರಲ್ಲಿ ನಿಶ್ಚಿತಾ ಅವನ ಕಾಲು ತುಳಿದಳು. ಎದುರಿಗೆ ಹನ್ನೊಂದು ವರ್ಷದ ಜಗಳ ಕರಗಿ ಹರಿಯುತ್ತಿದೆ, ಅದಕ್ಕೆ ಅಡ್ಡ ಕಟ್ಟೆ ಕಟ್ಟುವುದೇ?

“ಗೊತ್ತು ಧರ್ಮೇಶ್, ನೀವು ಹೇಳ್ಕೊಳೋ ಜನ ಅಲ್ಲ,” ಎಂದರು ವನಜಮ್ಮ, ಸೆರಗಿನಿಂದ ಕಣ್ಣೊರೆಸುತ್ತ. “ಇದ್ದೋರನ್ನ ಯಾರು ಬೇಕಾದ್ರೂ ಫೋಟೋ ತೆಗೀತಾರೆ. ಇಲ್ದೇ ಇರೋರನ್ನ ತಂದು ನಿಲ್ಸಿದ್ರಲ್ಲ, ಅದು ದೊಡ್ದು. ಮೂರು ಅಳಿಯಂದ್ರಲ್ಲಿ ನಿಮ್ಮಂಥೋರು ಇಲ್ಲ.”

ಆರು ವರ್ಷದಲ್ಲಿ ಅತ್ತೆ ಹೊಗಳಿದ್ದು ಅದೇ ಮೊದಲು. ಧರ್ಮೇಶನಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಯಾರೋ ಸುಬ್ಬಯ್ಯನವರ ಕೊರಳ ಮಾಲೆ ತೆಗೆದು ಫೋಟೋದ ಮೇಲಂಚಿಗೆ, ಸರಿಯಾಗಿ ನೆರಳಿನ ತಲೆಯ ಮೇಲೆ, ತೂಗುಹಾಕಿದರು. ವನಜಮ್ಮ ಅದರ ಹಣೆಗೆ ಕುಂಕುಮ ಇಟ್ಟರು. ಹಿರಿಯರೆಲ್ಲ ಸಾಲಾಗಿ ಬಂದು ಕೈಮುಗಿಯತೊಡಗಿದರು. ಹಿರಿಯರು ಕಿರಿಯರಿಗೆ ಕೈಮುಗಿದರೆ ಕಿರಿಯರ ಆಯುಸ್ಸು ಸವೆಯುತ್ತದಂತೆ. ಧರ್ಮೇಶ ಪ್ರತಿಯೊಬ್ಬರ ಹಿಂದೆಯೂ ಗಡಿಬಿಡಿಯಿಂದ ಬಾಗಿ ಬಾಗಿ ತಿರುಗಿ ನಮಸ್ಕರಿಸಿದ. ಎಂಥ ವಿನಯವಂತ ಅಳಿಯ ಎಂದು ಎಲ್ಲರೂ ಮೆಚ್ಚಿದರು.

“ಇನ್ನು ಬೇರೆ ಪ್ರಿಂಟ್ ಹಾಕಿ ನೀವು ಅಲ್ಲಿ ನಿಲ್ಲೋ ಹಾಗಿಲ್ಲ ಬಿಡಿ,” ಎಂದಳು ನಿಶ್ಚಿತಾ, ಸೆರಗು ಬಾಯಿಗೆ ಒತ್ತಿಕೊಂಡು. ಅವಳ ಭುಜ ನಗುವಿನಿಂದ ಕುಣಿಯುತ್ತಿತ್ತು.

“ಅಜ್ಜಯ್ಯನ್ನ ಎಬ್ಸಿ ನಾನು ನಿಲ್ಲಕ್ಕಾಗತ್ತಾ?” ಎಂದ ಧರ್ಮೇಶ. ಹೇಳಿದ ಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

ಆಗ ಅನ್ನಪೂರ್ಣಮ್ಮ ತಂಗಿಯ ಕೈ ಹಿಡಿದೇ ಘೋಷಿಸಿದರು: “ಕಂಪ್ಯೂಟರಲ್ಲಿ ಕೂಡ್ಸಿದ್ದು ಸಾಕು. ಎಲ್ಲರೂ ಇದೀವಿ, ಒಟ್ಟಿಗೆ ನಿಜವಾದ ಫೋಟೋ ತೆಗ್ಸೋಣ. ಅಂಗಳಕ್ಕೆ ನಡೀರಿ!”

ಹನ್ನೊಂದು ವರ್ಷದಿಂದ ಆಗದ ಕೆಲಸ ಐದು ನಿಮಿಷದಲ್ಲಿ ಆಯಿತು. ಕುರ್ಚಿಗಳು ಹೊರಗೆ ಬಂದವು. ಅಕ್ಕತಂಗಿ ಅಂಟಿಕೊಂಡು ಕೂತರು, ಮಕ್ಕಳು ಜಮಖಾನದ ಮೇಲೆ, ಹೆಂಗಸರು ಗಂಡಸರು ಹಿಂದೆ. ಸುಬ್ಬಯ್ಯನವರ ಬಲ ಭುಜದ ಹಿಂದೆ ಒಂದು ಜಾಗ ಖಾಲಿ ಕಾಣುತ್ತಿತ್ತು. ಪೇಟವಿಲ್ಲದಿದ್ದರೆ ಬೇಡ, ಬೋಳು ತಲೆಯಲ್ಲೇ ಸರಿ ಎಂದುಕೊಂಡು ಧರ್ಮೇಶ ಆ ಕಡೆ ಎರಡು ಹೆಜ್ಜೆ ಇಟ್ಟ.

“ಧರ್ಮೇಶ್, ಆ ಕಡೆ ಎಲ್ಲಿ ಹೊರಟ್ರಿ? ಕ್ಯಾಮೆರಾ ಈ ಕಡೆ ಇದೆ,” ಎಂದರು ವನಜಮ್ಮ. “ನಿಮ್ಮ ಕೈಯಿಂದಲೇ ಆಗ್ಬೇಕು. ಬೇರೆಯೋರು ತೆಗೆದ್ರೆ ಹಿಂಗೆ ಬರಲ್ಲ.”

ಮೂವತ್ತೆಂಟು ಮುಖಗಳು ಅಕ್ಕರೆಯಿಂದ ಅವನನ್ನೇ ನೋಡುತ್ತಿದ್ದವು. ಅಷ್ಟು ಜನ ಒಟ್ಟಿಗೆ ಅವನನ್ನು ನೋಡಿ ನಕ್ಕದ್ದು ಅವನ ಮದುವೆಯ ದಿನವೂ ಇರಲಿಲ್ಲ. ಧರ್ಮೇಶ ಕ್ಯಾಮೆರಾ ಕೈಗೆತ್ತಿಕೊಂಡ. ಸಂಜೆ ನಾಲ್ಕರ ಬಿಸಿಲು ಅವನ ಬೆನ್ನಿಗೆ ಹೊಡೆಯುತ್ತಿತ್ತು. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು, “ರೆಡಿ,” ಎಂದ.

“ತಡೀರಿ, ತಡೀರಿ!” ಎಂದು ವನಜಮ್ಮ ಕೂತಲ್ಲಿಂದಲೇ ಕೂಗಿದರು. “ಎಂತದದು ನಮ್ಮ ಮೈಮೇಲೆ ಕಪ್ಪಗೆ? ಅಯ್ಯೋ, ನಿಮ್ಮ ನೆರಳು ಬೀಳ್ತಿದೆ ಮಾರಾಯ್ರೆ! ಫೋಟೋ ಹಾಳಾಗತ್ತೆ, ಸ್ವಲ್ಪ ಆಚೆ ಸರೀರಿ!”

ಧರ್ಮೇಶ ಆಚೆ ಸರಿದು ಫೋಟೋ ತೆಗೆದ.